ಕೊನೆಯ ಸಲ ಸರಿಯಿದ್ದದ್ದು

ಫಾರ್ಮಿನ ಮೊದಲ ಪ್ರಶ್ನೆ ಇದೇ:
ರೋಗಿ ಕೊನೆಯ ಸಲ ಸರಿಯಿದ್ದದ್ದು ಯಾವಾಗ?
ನೆಟ್ಟಗೆ ಹೇಳುವವರು ಕಡಿಮೆ.
ಕಾಫಿ ಕುಡಿದಾಗ ಚೆನ್ನಾಗಿದ್ದರು ಸಿಸ್ಟರ್,
ಹಂದಿಗೂಡಿನ ಹತ್ತಿರ ಮಾತಾಡಿಸಿದರು,
ಗಡಿಯಾರ ಯಾರು ನೋಡಿದ್ದಾರೆ.
‘ಗೊತ್ತಿಲ್ಲ’ ಎಂಬ ಚೌಕಕ್ಕೆ ಗುರುತು ಹಾಕುತ್ತೇನೆ.
ಹೊತ್ತು ಗೊತ್ತಿಲ್ಲದವರು ನಮ್ಮ ಅಧ್ಯಯನಕ್ಕೆ ಒದಗುವುದಿಲ್ಲ.

ಪೆಮ್ಮಯ್ಯನವರ ಹೊತ್ತು ಮಾತ್ರ
ಹಾಳೆಯ ಮೇಲೇ ಇತ್ತು.
ನಾಪೋಕ್ಲು ಮೈದಾನ, ಎರಡನೇ ಅರ್ಧ,
ಏಳನೇ ನಂಬರಿನ ಹುಡುಗನಿಗೆ ಹಸಿರು ಕಾರ್ಡು.
ಸ್ಕೋರು ಬರೆಯುತ್ತಿದ್ದ ಕಾಲೇಜು ಹುಡುಗಿ
ಪಕ್ಕದಲ್ಲಿ ಗೀಚಿದ್ದಳು: ಮೂರು ನಲವತ್ತೆರಡು.
ಕಾರ್ಡು ಎತ್ತಿದ್ದು ಬಲಗೈ.

ಮೂರು ನಲವತ್ತಾರಕ್ಕೆ
ಡಿ ಒಳಗೆ ಚೆಂಡು ಯಾರದೋ ಕಾಲಿಗೆ ತಾಗಿತು.
ಸೀಟಿ. ಪೆನಾಲ್ಟಿ ಕಾರ್ನರ್.
ಎರಡೂ ತೋಳು ಗೋಲಿನ ಕಡೆ ಚಾಚಬೇಕು.
ಒಂದು ಚಾಚಿತು.
ಇನ್ನೊಂದು ಅರ್ಧಕ್ಕೆ ಬಂದು,
ಬೇರೇನೋ ಕೆಲಸ ನೆನಪಾದಂತೆ,
ಇಳಿದುಹೋಯಿತು.

ಒಂದೇ ಕೈ ಎಂದರೆ ಬರೀ ಫ್ರೀ ಹಿಟ್.
ಗ್ಯಾಲರಿ ಎದ್ದು ನಿಂತಿತು.
ಗೋಲು ಕಾಯುತ್ತಿದ್ದದ್ದು ದೇಚಮ್ಮನ ತೌರೊಕ್ಕ,
ಅಂದರೆ ಅಂಪೈರನ ಹೆಂಡತಿಯ ಕಡೆಯವರು.
ಮಾವನ ಮನೆ ಅನ್ನದ ಋಣ, ಎಂದನೊಬ್ಬ.
ಕುರುಡ, ಎಂದರು ನೂರು ಜನ.
ಏನೋ ಹೇಳಲು ಅವರು ಬಾಯಿ ತೆರೆದರು,
ಸೀಟಿ ಜಾರಿ ಹುಲ್ಲಿಗೆ ಬಿತ್ತು.
ಕುಡಿದಿದ್ದಾನೆ ಎಂಬ ಮಾತು
ಮೇಲಿನ ಮೆಟ್ಟಿಲವರೆಗೂ ಹತ್ತಿ, ಇಳಿಯಿತು.

ನಿಮಿಷಕ್ಕೆ ಹತ್ತೊಂಬತ್ತು ಲಕ್ಷ ನರಕೋಶ,
ಇದು ಪುಸ್ತಕದ ಲೆಕ್ಕ.
ಒಂಬತ್ತು ನಿಮಿಷ ಬೈದರು.
ಗುಣಿಸಲು ನನಗೆ ಮನಸ್ಸಿಲ್ಲ.
ಆ ಹಸಿರು ಕಾರ್ಡಿನ ಹುಡುಗನೇ,
ಜಗಳಕ್ಕೆಂದು ಹತ್ತಿರ ಬಂದವನು,
ಮುಖ ನೋಡಿ ಸ್ಟಿಕ್ಕು ಎಸೆದ:
ಜೀಪು, ಜೀಪು.

ಮಡಿಕೇರಿಯಲ್ಲಿ ಸ್ಕ್ಯಾನು ಮುಗಿದಾಗ ಐದು ಹತ್ತು.
ಹೆಪ್ಪು ಕರಗಿಸುವ ಮದ್ದು ಎಲ್ಲರಿಗೂ ಉಂಟು.
ಅದರ ಮೇಲೆ ಇನ್ನೊಂದು ಬಾಟಲಿ, ನಮ್ಮದು:
ಹೊಸ ಮದ್ದಿರಬಹುದು, ಬರೀ ಉಪ್ಪುನೀರಿರಬಹುದು,
ಕಂಪ್ಯೂಟರು ನಾಣ್ಯ ಚಿಮ್ಮುತ್ತದೆ.
ಡಾಕ್ಟರಿಗೆ ಗೊತ್ತಿಲ್ಲ, ನನಗೆ ಗೊತ್ತಿಲ್ಲ,
ಗೊತ್ತಾಗಲೂ ಬಾರದು,
ಗೊತ್ತಾದರೆ ಕಣ್ಣು ಒಂದು ತಂಡದ ಕಡೆ ವಾಲುತ್ತದೆ.
ಇದರ ಹೆಸರು ಕುರುಡು ಅಧ್ಯಯನ.
ದೇಚಮ್ಮನಿಗೆ ವಿವರಿಸುವಾಗ
ಆ ಪದ ನಾಲಿಗೆವರೆಗೆ ಬಂತು, ನುಂಗಿಕೊಂಡೆ.
ಆಕೆ ಪ್ರತಿ ಪುಟಕ್ಕೂ ಸಹಿ ಹಾಕಿ
ಪೆನ್ನು ಮುಚ್ಚುತ್ತಾ ಕೇಳಿದಳು:
ಅದು ಕಾರ್ನರೇ ಅಲ್ಲವಾ?

ತೊಂಬತ್ತನೆಯ ದಿನ.
ಕೈಗವಸಿನ ಚಿತ್ರ ತೋರಿಸಿದೆ.
ಗೋಲ್‌ಕೀಪರ್, ಎಂದರು.
ಜೋಲಿಯ ಚಿತ್ರಕ್ಕೆ, ನೆಟ್.
ನಿಯಮದ ಪ್ರಕಾರ ಎರಡೂ ತಪ್ಪು.
ತಪ್ಪೆಂದೇ ಬರೆದೆ, ನಾನು ಪಕ್ಷ ವಹಿಸುವಂತಿಲ್ಲ.

ಎರಡೂ ತೋಳು ಮುಂದೆ ಚಾಚಿ, ಅಂದೆ,
ಹತ್ತು ಎಣಿಸುವ ತನಕ ಹಿಡಿಯಿರಿ.
ಅವರು ಮೊದಲು ಕುರ್ಚಿ ತಿರುಗಿಸಿಕೊಂಡರು
ಕಿಟಕಿಯ ಕಡೆಗೆ, ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ.
ಆಮೇಲೆ ಚಾಚಿದರು.
ಆರಕ್ಕೆ ಬಲಗೈ ಇಳಿಯತೊಡಗಿತು.
ಎಂಟಕ್ಕೆ ಅಲ್ಲೇ ತಡೆದು ನಿಂತಿತು.
ನಾನು ಹತ್ತನ್ನು ಬೇಗ ಹೇಳಿಬಿಟ್ಟೆನೇನೋ.

ಜೇಬಿನಿಂದ ಸೀಟಿ ತೆಗೆದು ಊದಿದರು.
ಬಲತುಟಿಯ ಸಂದಿಯಿಂದ ಗಾಳಿ ಹೊರಟುಹೋಯಿತು.
ದೇಚಮ್ಮ ಎರಡು ಬೆರಳಿನಿಂದ ಆ ಸಂದಿ ಒತ್ತಿ ಹಿಡಿದಳು,
ದಿನಾ ಹಿಡಿಯುವವಳ ಹಾಗೆ.
ಪಕ್ಕದ ವಾರ್ಡಿನವರು ಇಣುಕಿ ನೋಡಿದರು.

ಒಟ್ಟು ಫಲ: ಎರಡು.
ಅಂದರೆ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲ,
ಮೊದಲು ಮಾಡುತ್ತಿದ್ದದ್ದನ್ನೆಲ್ಲ ಅಲ್ಲ.
ಅದು ಮದ್ದಿನಿಂದಲೋ, ಉಪ್ಪುನೀರಿನಿಂದಲೋ,
ಆ ಎರಡು ಬೆರಳಿನಿಂದಲೋ
ಲಕೋಟೆ ಒಡೆದಾಗ ತಿಳಿಯಬಹುದು.
ಒಡೆಯಬೇಕಾದರೆ ಇನ್ನೂ ಮುನ್ನೂರು ಜನ ಬೇಕು,
ಸದ್ಯಕ್ಕೆ ಸರಿಯಿರುವ ಮುನ್ನೂರು ಜನ.

‘ಇತರೆ’ ಎಂಬ ಕಾಲಮ್ಮಿನಲ್ಲಿ ಬರೆದೆ:
ಅದು ಕಾರ್ನರೇ.
ಮುಂದಿನ ವಾರ ಅಂಕಿಅಂಶದ ಆಫೀಸಿನಿಂದ
ಕೆಂಪು ಗುರುತು ಹಾಕಿ ವಾಪಸು ಬರುತ್ತದೆ:
ದಯವಿಟ್ಟು ಸ್ಪಷ್ಟಪಡಿಸಿ.